ಹುಲಿಯನನ್ನು ದಡ ಸೇರಿಸಿದ ಅತ್ತಿಗೆಗೆ

ನನ್ನ ಶಸ್ತ್ರಚಿಕಿತ್ಸೆಗೆ ಮೊನ್ನೆಗೆ ಒಂದು ವರ್ಷವಾಯಿತು. ನನಗೆ ಏನಾಗಿತ್ತು ಎಂಬುದು ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಕಳೆದ ವಾರ ವೈದ್ಯರು ವರದಿಗಳನ್ನು ನೋಡಿ, "ಇನ್ನು ಆರು ತಿಂಗಳು ನೀವು ಇಲ್ಲಿಗೆ ಬರಬೇಕಾಗಿಲ್ಲ" ಎಂದರು. ಈ ಬರಹವನ್ನು ಅಂದೇ ಬರೆಯಬೇಕಿತ್ತು. ಕೈ ನಡುಗುತ್ತಿತ್ತು, ಅದಕ್ಕೆ ತಡವಾಯಿತು.

ರಕ್ತ ಕೊಟ್ಟ ಸಹೋದ್ಯೋಗಿಗಳಿಗೆ, ಎರಡು ತಿಂಗಳು ಮಕ್ಕಳಿಗೆ ಬುತ್ತಿ ಕಟ್ಟಿಕೊಟ್ಟ ಪಕ್ಕದ ಮನೆಯವರಿಗೆ, ರಾತ್ರಿ ಪಾಳಿಯ ದಾದಿಯರಿಗೆ, ಹಣ ಹೊಂದಿಸಲು ಓಡಾಡಿದ ಅಣ್ಣನಿಗೆ, ಹರಕೆ ಹೊತ್ತ ಅಮ್ಮನಿಗೆ ನನ್ನ ನಮಸ್ಕಾರ. "ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ" ಎಂಬ ಮಾತಿನೊಂದಿಗೆ ಕುವೆಂಪು ಅವರು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಆರಂಭಿಸುತ್ತಾರೆ. ಆ ಮಾತನ್ನು ನಾನು ನಂಬುತ್ತೇನೆ. ಆದರೂ ಇವತ್ತು ನನಗೆ ಒಬ್ಬರು ಮುಖ್ಯರು. ಅವರು ನನ್ನ ಅತ್ತಿಗೆ.

ಆಸ್ಪತ್ರೆಗೆ ಸೇರುವ ದಿನ ಬಟ್ಟೆಗಳ ನಡುವೆ ನಾನು ಆ ಕಾದಂಬರಿಯನ್ನೂ ಇಟ್ಟುಕೊಂಡಿದ್ದೆ. ಅದು ನನ್ನ ನಾಲ್ಕನೆಯ ಓದು. ನನ್ನ ಪ್ರತಿಯ ಬೆನ್ನು ಹರಿದು, ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ ಬಿದ್ದಿದೆ. ಕಾದಂಬರಿ ಪ್ರಕಟವಾದದ್ದು 1967ರಲ್ಲಿ, ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ. ಬಯಲುಸೀಮೆಯಲ್ಲಿ ಬೆಳೆದ ನನಗೆ ಗೊರಬು (ಮಳೆಗೆ ತಲೆ-ಬೆನ್ನಿಗೆ ಹಾಕಿಕೊಳ್ಳುವ ಹೊದಿಕೆ), ಹಳು (ಪೊದೆಗಾಡು), ಉಂಬಳ (ಜಿಗಣೆ) ಎಂಬ ಮಾತುಗಳೆಲ್ಲ ಮೊದಲು ಸಿಕ್ಕಿದ್ದು ಅಲ್ಲೇ. ಅಣ್ಣನಿಗೆ ತೀರ್ಥಹಳ್ಳಿ ಕಡೆಯಿಂದ ಹೆಣ್ಣು ತಂದಾಗ ನಾನು ಪಟ್ಟ ಸಂತೋಷಕ್ಕೆ ಅರ್ಧ ಕಾರಣ ಈ ಪುಸ್ತಕ. ಮದುವೆಯಾದ ವಾರದಲ್ಲೇ ಅವರನ್ನು ಕೂರಿಸಿಕೊಂಡು ಪದಗಳ ಅರ್ಥ ಕೇಳಿದ್ದೆ. ಅವರು ಕಾದಂಬರಿ ಓದಿದವರಲ್ಲ. ಗೊರಬು ಎಂದರೇನು ಎಂದು ಕೇಳಿದಾಗ ಅರ್ಥ ಹೇಳದೆ, ಮಳೆಯಲ್ಲಿ ಗದ್ದೆಗೆ ಬಗ್ಗಿದವರ ಹಾಗೆ ನಡುಮನೆಯಲ್ಲೇ ಬಗ್ಗಿ ತೋರಿಸಿದ್ದರು.

ಆ ಪಾತ್ರಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸಿ. ಬಸವಲಿಂಗಯ್ಯ ಅವರು ನಿರ್ದೇಶಿಸಿದ, ಕೆ.ವೈ. ನಾರಾಯಣಸ್ವಾಮಿ ಅವರು ರಂಗರೂಪ ಕೊಟ್ಟ, ಹಂಸಲೇಖ ಅವರ ಸಂಗೀತದ, ಈ ಕಾದಂಬರಿಯ ಒಂಬತ್ತು ಗಂಟೆಗಳ ನಾಟಕ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಬಂತು. ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೆ ಬಂದಾಗ ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದೆ. ಶಾಲು ಹೊದ್ದು, ಬಯಲಿನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನರೊಡನೆ ನಡೆಯುತ್ತ ಬೆಳಗಿನವರೆಗೆ ನೋಡಿದೆವು. ನಾಟಕ ನನಗೆ ತುಂಬ ಹಿಡಿಸಿತ್ತು. ಆದರೂ ಬರುವಾಗ ಬಸ್ಸಿನ ತುಂಬ ನನ್ನದು ಒಂದೇ ಮಾತು: ಇದನ್ನು ಬಿಟ್ಟಿದ್ದಾರೆ, ಅದನ್ನು ಚಿಕ್ಕದು ಮಾಡಿದ್ದಾರೆ. ಅತ್ತಿಗೆ ಕಿಟಕಿಗೆ ತಲೆಯಾನಿಸಿ, "ನನಗೆ ಆ ಪೀಂಚಲು ಸಾಕು" ಎಂದಿದ್ದರು.

ಪೀಂಚಲು ಕಾದಂಬರಿಯಲ್ಲಿ ಆಳು ಐತನ ಹೆಂಡತಿ. ಒಪ್ಪದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮ ಕತ್ತಲೆಯ ಕಾಡಿಗೆ ಹೊರಟಾಗ ಜೊತೆಗೆ ನಡೆಯುವವಳು ಅವಳು. ಚಿನ್ನಮ್ಮನಿಗೆ ಮುಂದೆ ತಾನು ಒಲಿದ ಮುಕುಂದಯ್ಯ ಸಿಗುತ್ತಾನೆ. ಪೀಂಚಲುವಿಗೆ ಆ ರಾತ್ರಿಯಿಂದ ಪಡೆಯುವುದು ಏನೂ ಇರಲಿಲ್ಲ. ಆದರೂ ಹೋದಳು.

ಶಸ್ತ್ರಚಿಕಿತ್ಸೆಯಾದ ಮೂರನೆಯ ರಾತ್ರಿ ನಾನು ಮನೆಗೆ ಮರಳುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಜ್ವರ ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎಲ್ಲಿಗೋ ಜಾರಿದ ಹಾಗೆ ಆಗುತ್ತಿತ್ತು, ಮುಚ್ಚಲು ಹೆದರಿಕೆ. ಚಿಕ್ಕ ಮಗನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಅತ್ತಿಗೆಯ ಕೈ ಹಿಡಿದು, "ನನ್ನನ್ನು ಮಲಗಲು ಬಿಡಬೇಡಿ" ಎಂದೆ. ಅವರು ಏಕೆ ಎಂದು ಕೇಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ನಾನು ಗುರುತು ಇಟ್ಟಿದ್ದ ಪುಟ ಬಿಡಿಸಿ, ಮೊಬೈಲಿನ ಬೆಳಕಿನಲ್ಲಿ ಪಿಸುದನಿಯಲ್ಲಿ ಓದತೊಡಗಿದರು.

ಗುರುತು ಇದ್ದದ್ದು ಕಾದಂಬರಿಯ ಕೊನೆಯ ಭಾಗದಲ್ಲಿ. ಮೊದಮೊದಲು ಪಾಠ ಒಪ್ಪಿಸುವ ಮಕ್ಕಳ ಹಾಗೆ ಓದಿದರು. ಪಾತ್ರಗಳು ಮಾತಾಡುವ ಕಡೆ ಬಂದಾಗ ಅವರ ತವರಿನ ಧಾಟಿ ತಾನಾಗಿ ಬಂತು. ತಿಮ್ಮಿಗೆ ಒಂದು ಧ್ವನಿ, ಅವಳನ್ನು ಒಲಿದ ಗುತ್ತಿಗೆ ಇನ್ನೊಂದು. ಎಷ್ಟೋ ವರ್ಷದಿಂದ ನನ್ನ ತಲೆಯೊಳಗೆ ನಾನೇ ಮಾತಾಡಿಸುತ್ತಿದ್ದವರು ಆ ರಾತ್ರಿ ಮೊದಲ ಸಲ ತಮ್ಮ ಊರಿನ ಬಾಯಲ್ಲಿ ಮಾತಾಡಿದರು. ಅಷ್ಟು ಒಳ್ಳೆಯ ಗುತ್ತಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಾದಂಬರಿ ಓದಿದವರಿಗೆ ಗೊತ್ತು, ಅದು ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ ಆರಂಭವಾಗುತ್ತದೆ. ನಾಯಿಯನ್ನು ಬಿಟ್ಟಿರದ ಅವನಿಗೆ ನಾಯಿಗುತ್ತಿ ಎಂದೇ ಹೆಸರು. ಕೊನೆಗೆ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಗುತ್ತಿಗೆ ಏನೂ ಮಾಡಲಾಗುವುದಿಲ್ಲ. ಹಿಂದಿನ ಮೂರು ಓದಿನಲ್ಲೂ ನಾನು ಅತ್ತ ಜಾಗ ಅದು.

ಅತ್ತಿಗೆ ಅಲ್ಲಿಗೆ ಬಂದು ನಿಂತರು. ಒಂದು ಪುಟ ತಿರುವಿದರು, ಹಿಂದಕ್ಕೆ ಬಂದರು, ಮತ್ತೆ ತಿರುವಿದರು. ಆಮೇಲೆ ಓದಿದರು. ಕುವೆಂಪು ಅವರ ಉದ್ದುದ್ದ ವಾಕ್ಯಗಳು ಇದ್ದಕ್ಕಿದ್ದ ಹಾಗೆ ತುಂಡಾದವು. "ಹುಲಿಯ ಈಜಿತು. ಇನ್ನೂ ಈಜಿತು. ದಡಕ್ಕೆ ಬಂತು. ಮೈ ಕೊಡವಿತು. ಗುತ್ತಿಯ ಕಾಲು ನೆಕ್ಕಿತು."

ಹುಲಿಯನ ಸಾವಿಲ್ಲದೆ ಆ ಕಾದಂಬರಿ ಇಲ್ಲ ಎಂದು ಸ್ನೇಹಿತರೊಡನೆ ಗಂಟೆಗಟ್ಟಲೆ ವಾದಿಸಿದವಳು ನಾನು. ಇವತ್ತೂ ಹಾಗೆಯೇ ವಾದಿಸುತ್ತೇನೆ. ಆ ರಾತ್ರಿ ಮಾತ್ರ ಒಂದಕ್ಷರ ತಿದ್ದಲಿಲ್ಲ. ಒದ್ದೆಯಾದ ಆ ನಾಯಿಯನ್ನು ನೋಡುತ್ತ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು, ಹಣೆ ತಣ್ಣಗಿತ್ತು, ಅತ್ತಿಗೆಯ ಬೆರಳು ಅದೇ ಪುಟದ ನಡುವೆ ಸಿಕ್ಕಿಕೊಂಡಿತ್ತು. ಸ್ಟೂಲಿನ ಮೇಲೆ ಕೂತಲ್ಲೇ, ನನ್ನ ಹಾಸಿಗೆಗೆ ತಲೆಯಿಟ್ಟು ನಿದ್ದೆ ಹೋಗಿದ್ದರು.

ಈ ಒಂದು ವರ್ಷ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಅವರು ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ: "ಅತ್ತಿಗೆ, ಆವತ್ತು ಹುಲಿಯನನ್ನು ಏಕೆ ಬದುಕಿಸಿದಿರಿ?"

ಅವರು ಮೊರದಿಂದ ತಲೆ ಎತ್ತಲಿಲ್ಲ. "ಪುಸ್ತಕದಲ್ಲಿ ಹಾಗೆಯೇ ಇತ್ತು ಮಾರಾಯ್ತಿ. ನಿನಗೆ ಜ್ವರ, ನೆನಪಿಲ್ಲ" ಎಂದರು.