ಆ ಹತ್ತು ರೂಪಾಯಿ

ಮೈಸೂರು
ರಾತ್ರಿ ಹನ್ನೊಂದು ಗಂಟೆ

ಚಿ. ಪುಟ್ಟಿಗೆ ನಿನ್ನ ಮಾಮ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿಯನ್ನೆಲ್ಲ ಇನ್ನೊಂದು ಸಲ ಬರೆಯುತ್ತೇನೆ. ಸಂಜೆಯಿಂದ ಎರಡು ಸಲ ಫೋನ್ ಮಾಡಿದೆ, ‘ಮೀಟಿಂಗ್’ ಅಂತ ಮೆಸೇಜು ಬಂತು. ಸಿಕ್ಕಿದ್ದರೂ ಅಷ್ಟೇ ಬಿಡು. ಫೋನಿನಲ್ಲಿ ನಾನು ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತೇನೆ, ನೀನು ‘ಹೂಂ ಮಾಮ, ಹೂಂ ಮಾಮ’ ಅನ್ನುತ್ತೀಯ. ಅದಕ್ಕೇ ಕಾಗದ. ಪಕ್ಕದ ಮನೆ ಹುಡುಗ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾನಂತೆ.

ವೀಣೆಗೆ ಗಿರಾಕಿ ಸಿಕ್ಕಿದ ಅಂತ ಮೆಸೇಜು ಹಾಕಿದ್ದೀಯಲ್ಲ, ಅದಕ್ಕೇ ಇದು. ವೀಣೆ ಯಾಕೆ ಮಾರುತ್ತೀಯ ಅಂತ ಕೇಳುವುದಿಲ್ಲ. ಅದು ಆಡಿ ಮುಗಿದ ಮಾತು. ನನ್ನ ನಿದ್ದೆ ಕೆಡಿಸಿದ್ದು ನೀನು ಕೊನೆಯಲ್ಲಿ, ಖುಷಿಯಿಂದ ಬೇರೆ, ಬರೆದ ಸಾಲು: “ಟೆಸ್ಟಿಂಗ್‌ಗೆ ಅಂತ ಐದು ರೂಪಾಯಿ ಹಾಕಿಸಿಕೊಂಡರು ಮಾಮ, ತಕ್ಷಣ ಹತ್ತು ವಾಪಸ್ ಬಂತು. ಒಳ್ಳೇ ಜನ.”

ಆ ಹತ್ತು ರೂಪಾಯಿ ಯಾಕೆ ಬಂತು ಪುಟ್ಟಿ?

ಊಟಕ್ಕೆ ಕೂತಾಗಲೂ ಅದೇ ಯೋಚನೆ. ಐದು ಕೊಟ್ಟರೆ ಹತ್ತು ಕೊಡುವವರು ಈ ಊರಿನಲ್ಲಂತೂ ಇಲ್ಲ, ನಿನ್ನ ಪುಣೆಯಲ್ಲೂ ಇರಲಾರರು. ನೀನು 32,000 ಅಂದೆ, ಆತ 32,000ಕ್ಕೇ ಹೂಂ ಅಂದನಂತೆ. ನಾವು ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ವೀಳ್ಯದೆಲೆಗೂ ಚೌಕಾಸಿ ಮಾಡುವವರು. ವೀಣೆ ಕೊಳ್ಳುವವನು ಹೇಗೆ ಕೊಳ್ಳುತ್ತಾನೆ ಅಂತ ನಿನಗೇ ಗೊತ್ತಲ್ಲ. ಕೊಡ ಹಲಸಿನದೋ ಬೀಟೆಯದೋ ಅನ್ನುತ್ತಾನೆ. ಒಂದೇ ಮರದ ತುಂಡಿನ ಏಕಾಂಡವೋ, ಜೋಡಿಸಿದ್ದೋ ಅನ್ನುತ್ತಾನೆ. ಬಿರಡೆ ಜಾರುತ್ತದೆಯೇ, ಬುರುಡೆ ಸೋರೆಯದೋ ಫೈಬರಿನದೋ, ಮೇಣದ ಮೇಲೆ ಮೆಟ್ಟಿಲು ಕೂರಿಸಿ ಮೇಳ ಕಟ್ಟಿಸಿ ಎಷ್ಟು ವರ್ಷವಾಯಿತು ಅಂತೆಲ್ಲ ಪ್ರಾಣ ಹಿಂಡುತ್ತಾನೆ. ಇಪ್ಪತ್ತನಾಲ್ಕು ಮೆಟ್ಟಿಲಿನ ಮೇಲೂ ಬೆರಳಿಟ್ಟು ಮೀಟಿ ಮುಖ ಸಿಂಡರಿಸುತ್ತಾನೆ, ಬೆಲೆ ಇಳಿಸಬೇಕಲ್ಲ. ಈತ ಇದೊಂದನ್ನೂ ಕೇಳಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಬೇಕು, ನಾನು ಮಿಲಿಟರಿಯಲ್ಲಿದ್ದೇನೆ, ಬಾರ್ಡರ್‌ಗೆ ಟ್ರಾನ್ಸ್‌ಫರ್ ಆಗಿದೆ, ಬಂದು ನೋಡಲು ಆಗುವುದಿಲ್ಲ, ನಮ್ಮ ಗಾಡಿ ಬಂದು ಒಯ್ಯುತ್ತದೆ. ಇಷ್ಟೇ. ಮೇಣದ ಮೇಲೆ ಕೂತ ಮೆಟ್ಟಿಲು ಗಾಡಿಯ ಬಿಸಿಲಿನಲ್ಲಿ ಏನಾದೀತು ಅನ್ನುವ ಚಿಂತೆಯೂ ಅವನಿಗಿಲ್ಲ.

ಐಡಿ ಕಾರ್ಡಿನ ಫೋಟೋ ಕಳಿಸಿದ್ದಾನೆ ಅಂದೆ. ಆ ಫೋಟೋದಲ್ಲಿರುವವರು ನಿಜವಾಗಿಯೂ ಸೇನೆಯಲ್ಲಿರಬಹುದು, ಪಾಪ, ಅವರಿಗೆ ಈ ವಿಷಯವೇ ಗೊತ್ತಿರಲಿಕ್ಕಿಲ್ಲ. ನೀನು ನಿನ್ನ ಆಧಾರ್ ಫೋಟೋ ಕಳಿಸಿಲ್ಲ ತಾನೆ? ಕಳಿಸಿದ್ದರೆ ನಾಳೆ ಇನ್ಯಾರಿಗೋ ನಿನ್ನ ಮುಖ ತೋರಿಸಿ ನಂಬಿಸುತ್ತಾರೆ. ಕಳಿಸಿದ್ದರೂ ಹೇಳು, ಬೈಯುವುದಿಲ್ಲ.

ನಾನು ರಿಟೈರ್ ಆಗುವ ಮೂರು ವರ್ಷ ಮುಂಚೆ, 2016ರಲ್ಲಿ, ಈ ಯುಪಿಐ ಬಂತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಪೆನ್ಷನ್ ತೆಗೆದುಕೊಳ್ಳಲು ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ, ಬರುವ ದುಡ್ಡು ತಾನೇ ಬರುತ್ತದೆ. ನೀನು ಮಲಗಿದ್ದರೂ ಬರುತ್ತದೆ. ಅಡ್ವಾನ್ಸಿಗೆ ನಾಳೆ ಸ್ಕ್ಯಾನರ್ ಕಳಿಸುತ್ತಾರೆ, ಸ್ಕ್ಯಾನ್ ಮಾಡಿದರೆ 16,000 ಬರುತ್ತದೆ ಅಂತ ಬರೆದಿದ್ದೀಯಲ್ಲ, ಅಂಗಡಿಯಲ್ಲಿ ನೀನು ಸ್ಕ್ಯಾನ್ ಮಾಡಿದಾಗ ದುಡ್ಡು ಅಂಗಡಿಯವನಿಗೆ ಹೋಗುತ್ತದೋ ನಿನಗೆ ಬರುತ್ತದೋ? ಇಷ್ಟು ಓದಿದವಳಿಗೆ ಇದನ್ನು ಹೇಳುತ್ತಿದ್ದೇನೆ ಅಂತ ಬೇಸರಿಸಬೇಡ. ಗೊತ್ತಿಲ್ಲದೆ ಯಾರೂ ಬೀಳುವುದಿಲ್ಲ. ಆತ ಲೈನಿನಲ್ಲೇ ಇರುತ್ತಾನೆ, ‘ಬೇಗ ಮೇಡಂ, ಸಾಹೇಬರು ಕಾಯುತ್ತಿದ್ದಾರೆ’ ಅನ್ನುತ್ತಾನೆ. ಆ ಗಡಿಬಿಡಿಯಲ್ಲಿ ಗೊತ್ತಿರುವುದೂ ಮರೆಯುತ್ತದೆ. 16,000 ಹೋದ ಮೇಲೆ ‘ಅಯ್ಯೋ, ಉಲ್ಟಾ ಆಯಿತು ಮೇಡಂ, ವಾಪಸ್ ಹಾಕಲು ಇನ್ನೊಂದು ಸ್ಕ್ಯಾನರ್ ಕಳಿಸುತ್ತೇನೆ’ ಅನ್ನುತ್ತಾನೆ. ಅದರಲ್ಲಿ ಇನ್ನೊಂದು 16,000. ಮೊದಲೆಲ್ಲ ಸ್ಕ್ಯಾನರ್ ಬದಲು ‘ರಿಕ್ವೆಸ್ಟ್’ ಅಂತ ಕಳಿಸುತ್ತಿದ್ದರು, ಒತ್ತಿದರೆ ದುಡ್ಡು ಹೋಗುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಹಾಗೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಸ್ಕ್ಯಾನರ್ ಮಾತ್ರ ಹಾಗೇ ಇದೆ.

ಆ ಹತ್ತು ರೂಪಾಯಿ ಬಂದದ್ದು ಇದಕ್ಕೇ ಪುಟ್ಟಿ, ನಾಳೆ ನಿನ್ನ ಬೆರಳು ತಡೆಯದಿರಲಿ ಅಂತ. ನನಗೆ ಹೇಗೆ ಗೊತ್ತು ಅಂದರೆ, ನನಗೂ ಒಂದು ಹತ್ತು ರೂಪಾಯಿ ಬಂದಿತ್ತು. ನನ್ನ ಕಾಲದಲ್ಲಿ ಅದು ಐನೂರು.

ನಿಮ್ಮ ತಾತನ ಪಿಟೀಲು ಮಾರಿದ್ದು 1986ರಲ್ಲಿ. ನಿಮ್ಮ ಅಮ್ಮನ ಮದುವೆಯ ಖರ್ಚು ತಲೆಯ ಮೇಲಿತ್ತು. ಬಂದವನು ಇವನ ಹಾಗಲ್ಲ, ಮನೆಗೇ ಬಂದ, ಚಾಪೆಯ ಮೇಲೆ ಕೂತು ಪಿಟೀಲು ಎತ್ತಿ ಶ್ರುತಿ ಮಾಡಿ ಕಾಂಭೋಜಿ ರಾಗ ನುಡಿಸಿದ. ಚೆನ್ನಾಗಿಯೇ ನುಡಿಸಿದ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಪಿಟೀಲು ಕೇಳಿದ್ದು ಅದೇ ಮೊದಲು, ಒಳಗೆ ನಿಮ್ಮ ಅಜ್ಜಿ ಕಣ್ಣೊರೆಸಿಕೊಂಡರು. (ಈಗ ಅನ್ನಿಸುತ್ತದೆ, ಮುಟ್ಟಿ ನೋಡದವನನ್ನು ನಂಬಬೇಡ ಅಂತ ಮೇಲೆ ಅಷ್ಟುದ್ದ ಬರೆದೆ, ಮುಟ್ಟಿ ನುಡಿಸಿದವನೂ ಇಂಥವನೇ ಇದ್ದ. ನನ್ನ ಬುದ್ಧಿಮಾತು ಇಷ್ಟೇ, ಏನು ಮಾಡುವುದು.) ಐದು ನೂರು ರೂಪಾಯಿ ನಗದು ಎಣಿಸಿ ಕೈಗಿಟ್ಟ, ಹೊಸ ನೋಟುಗಳು. ಉಳಿದದ್ದಕ್ಕೆ ಚೆಕ್ ಬರೆದ. ಮದರಾಸಿನ ಬ್ಯಾಂಕಿನದು. ಆಗ ಹೊರಊರಿನ ಚೆಕ್ಕು ಅಂಚೆಯಲ್ಲಿ ಹೋಗಿ ದುಡ್ಡಾಗಿ ಬರಲು ಎರಡು ಮೂರು ವಾರ. ದುಡ್ಡು ಬಂದ ಮೇಲೆ ಪಿಟೀಲು ಒಯ್ಯಿರಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಐನೂರು ಕೈಯಲ್ಲಿತ್ತಲ್ಲ, ಕಾಂಭೋಜಿ ಕಿವಿಯಲ್ಲಿತ್ತು.

ಚೆಕ್ಕು ವಾಪಸ್ ಬಂತು. ‘ರೆಫರ್ ಟು ಡ್ರಾಯರ್’, ಅಂದರೆ ಚೆಕ್ ಬರೆದವನನ್ನೇ ಕೇಳಿ, ಅಂತ ಚೀಟಿ ಅಂಟಿತ್ತು. ನಾನಾಗ ಕೂರುತ್ತಿದ್ದದ್ದು ಕ್ಲಿಯರಿಂಗ್ ಸೆಕ್ಷನ್ನಿನಲ್ಲಿ ಪುಟ್ಟಿ. ಬೇರೆಯವರ ಚೆಕ್ಕಿಗೆ ಅಂಥ ಚೀಟಿ ದಿನಾ ನೋಡುವವನು. ಬ್ಯಾಂಕಿನವನೇ ಚೆಕ್ಕಿಗೆ ಮೋಸ ಹೋದ ಅಂದರೆ ಜನ ನಗುವುದಿಲ್ಲವೇ? ಅದಕ್ಕೆ ಯಾರಿಗೂ ಹೇಳಲಿಲ್ಲ. ಪೊಲೀಸ್ ಸ್ಟೇಷನ್ನಿನ ಮುಂದೆ ಎರಡು ಸಲ ಸೈಕಲ್ ನಿಲ್ಲಿಸಿ ಹಾಗೇ ಬಂದೆ. ಚೆಕ್ ಬೌನ್ಸ್ ಆದರೆ ಜೈಲು ಅನ್ನುವ ಕಾನೂನು ಬಂದದ್ದು 1989ರ ಏಪ್ರಿಲ್‌ನಲ್ಲಿ. ಆ ದಿನ ಪೇಪರ್ ಓದಿ ಯಾಕೋ ನಗು ಬಂತು. ಕಾನೂನಿರಲಿಲ್ಲ ಅನ್ನುವುದು ನೆಪ. ಮೋಸದ ದೂರು ಆಗಲೂ ಕೊಡಬಹುದಿತ್ತು. ದುಡ್ಡು ಡಿಪಾಸಿಟ್ ಇಟ್ಟಿದ್ದೇನೆ ಅಂತ ಮನೆಯಲ್ಲಿ ಹೇಳಿ, ಸಂಬಳದಲ್ಲಿ ತಿಂಗಳು ತಿಂಗಳು ಉಳಿಸಿ ತುಂಬಿದೆ. ನಿಮ್ಮ ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. ದುಡ್ಡಿನ ಮಾತು ಬಿಡು. ಚೆಕ್ಕು ವಾಪಸ್ ಬರುವವರೆಗೆ ಮೂರು ವಾರ ಸುಮ್ಮನಿದ್ದೆನಲ್ಲ, ಆ ಮೂರು ವಾರದಲ್ಲಿ ಯಾರನ್ನಾದರೂ ಕೇಳಿದ್ದರೆ ಆತ ಇಳಿದುಕೊಂಡಿದ್ದ ಲಾಡ್ಜಾದರೂ ಗೊತ್ತಾಗುತ್ತಿತ್ತೋ ಏನೋ. ಪಿಟೀಲು ಯಾವ ಊರು ಸೇರಿತೋ, ಇವತ್ತಿಗೂ ಕಾಂಭೋಜಿ ಶುರುವಾದರೆ ನಾನು ರೇಡಿಯೋ ಆರಿಸುತ್ತೇನೆ.

ನಿನ್ನ ಮೆಸೇಜಿನಲ್ಲಿ ‘ಅಮ್ಮನಿಗೆ ಈಗಲೇ ಹೇಳಬೇಡಿ ಮಾಮ, ಎಲ್ಲ ಮುಗಿದ ಮೇಲೆ ನಾನೇ ಹೇಳುತ್ತೇನೆ’ ಅಂತಲೂ ಇತ್ತು. ಅದನ್ನು ಓದಿಯೇ ಹಳೆಯದೆಲ್ಲ ಮೇಲೆ ಬಂದದ್ದು.

ಅಕಸ್ಮಾತ್ ನೀನು ಇದನ್ನು ಓದುವ ಹೊತ್ತಿಗೆ ಸ್ಕ್ಯಾನ್ ಮಾಡಿ ಆಗಿದ್ದರೆ, ನನಗಿಂತ ಮುಂಚೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಆಮೇಲೆ ನಿನ್ನ ಬ್ಯಾಂಕಿಗೆ. ದುಡ್ಡು ಆ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಮುಂಚೆ ತಡೆಹಿಡಿಯಲು ಆಗುತ್ತದೆ, ಮೊದಲ ಒಂದೆರಡು ಗಂಟೆ ಮುಖ್ಯ. ಟ್ರಾನ್ಸಾಕ್ಷನ್ ನಂಬರ್ ಕೇಳುತ್ತಾರೆ, ಬರೆದಿಟ್ಟುಕೊ. ಅವನ ಮೆಸೇಜುಗಳನ್ನು ಅಳಿಸಬೇಡ. ನಾಚಿಕೆಯಾಗುತ್ತದೆ ಅಂತ ಕೂರಬೇಡ, ಕೂತವನು ನಾನಿದ್ದೇನೆ.

ಸ್ಕ್ಯಾನ್ ಮಾಡಿಲ್ಲದಿದ್ದರೆ ಆತನಿಗೆ ಏನೂ ಬುದ್ಧಿ ಹೇಳಲು ಹೋಗದೆ ನಂಬರ್ ಬ್ಲಾಕ್ ಮಾಡು. ಬೈದರೆ, ಪೊಲೀಸರಿಗೆ ಹೇಳುತ್ತೇನೆ ಅಂತ ಅವನೇ ಹೆದರಿಸುತ್ತಾನೆ. ಆ ಹತ್ತು ರೂಪಾಯಿ ವಾಪಸ್ ಹಾಕುತ್ತೇನೆ ಅಂತ ಹೊರಡಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಇನ್ನೊಂದು, ‘32,000 ಕ್ರೆಡಿಟ್ ಆಗಿದೆ’ ಅಂತ ಮೆಸೇಜು ಬಂದರೂ ನಂಬಬೇಡ, ಅದನ್ನು ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು. ನಿನ್ನ ಬ್ಯಾಂಕಿನ ಆ್ಯಪಿನಲ್ಲಿ ಬ್ಯಾಲೆನ್ಸ್ ನೋಡು. ‘ತಪ್ಪಿ ಒಂದು ಸೊನ್ನೆ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ಕಳಿಸಿ’ ಅನ್ನುವುದೂ ಅದೇ ಜಾತಿ. ಯಾವುದೋ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಲಿ ಅಂದರೂ ಬೇಡ. ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಆದರೂ ಬರೆದೆ.

ಪುಣೆಯಲ್ಲಿ ವೀಣೆ ಕೇಳುವವರು ಕಡಿಮೆ ಅಂತ ಒಪ್ಪುತ್ತೇನೆ. ಒಂದು ಮಾಡು, ಮುಂದಿನ ತಿಂಗಳು ಬರುವಾಗ ಜೊತೆಗೇ ತಾ. ಮೇಳ ಸಡಿಲವಾಗಿದ್ದರೆ ಇಲ್ಲೇ ಸರಿಮಾಡಿಸೋಣ. ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲಿ ಸಂಗೀತ ಕಛೇರಿ ಕೇಳಿ ಮುಗಿಸಿ ಹೊರಬರುವವರಲ್ಲಿ ಮಗುವಿಗೆ ವೀಣೆ ಕಲಿಸುವ ತಾಯಂದಿರು ಒಬ್ಬರಾದರೂ ಇದ್ದೇ ಇರುತ್ತಾರೆ. ಮನೆಗೆ ಬರಲಿ, ಮೀಟಿ ನೋಡಲಿ, ಮುಖ ಸಿಂಡರಿಸಲಿ. 32,000 ಸಿಗಲಿಕ್ಕಿಲ್ಲ, 25,000 ಅನ್ನಬಹುದು. ದುಡ್ಡು ನಿನ್ನ ಖಾತೆಗೆ ಬಂದದ್ದನ್ನು ನೀನೇ ನೋಡಿ ಹೇಳಿದ ಮೇಲೆ ವೀಣೆಯನ್ನು ಆಟೋಗೆ ನಾನೇ ಎತ್ತಿಡುತ್ತೇನೆ, ಬೆನ್ನು ನೋವಿದ್ದರೂ.

ಓದಿದ ತಕ್ಷಣ ಫೋನ್ ಮಾಡು, ಮೀಟಿಂಗ್ ಇದ್ದರೂ. ಪಿಟೀಲಿನ ವಿಷಯ ಅಮ್ಮನ ಹತ್ತಿರ ಎತ್ತಬೇಡ. ನಾನೇ ಹೇಳುತ್ತೇನೆ.

ಇಂತು ನಿನ್ನ
ಮಾಮ