ನನಗೆ ಮೂಳೆ ಕೊಟ್ಟ ಅಪರಿಚಿತರಿಗೆ ಕೃತಜ್ಞತೆಗಳು

ಸೊಂಟದ ಕೀಲಿನ ಮರುಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ತುಂಬಿತು. ತೊಡೆಮೂಳೆಯ ತಲೆ ಕೂರುವ ಸೊಂಟದ ಗುಳಿಯಲ್ಲಿ ತುಂಬಿದ ದಾನಿಗಳ ಮೂಳೆ ನನ್ನ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತಿದೆ, ಅದರ ಮೇಲೆ ಕೂರಿಸಿದ ಹೊಸ ಕೃತಕ ಬಟ್ಟಲು ಕದಲದೆ ನಿಂತಿದೆ ಎಂದು ಎಕ್ಸ್-ರೇ ನೋಡಿದ ವೈದ್ಯರು ತಿಳಿಸಿದ್ದಾರೆ. ಇದಕ್ಕೆ ಕಾರಣರಾದವರಿಗೆ ಬಹಿರಂಗವಾಗಿ ವಂದನೆ ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತದಿಂದ ಹಾಳಾಗಿದ್ದ ಈ ಕೀಲನ್ನು ಬಹಳ ಹಿಂದೆಯೇ ಬದಲಿಸಲಾಗಿತ್ತು. ವರ್ಷಗಳ ನಡಿಗೆಯಲ್ಲಿ ಪ್ಲಾಸ್ಟಿಕ್ ಬಟ್ಟಲು ಸವೆದು, ಅದರಿಂದ ಉದುರಿದ ಸೂಕ್ಷ್ಮ ಕಣಗಳಿಗೆ ದೇಹ ತೋರಿದ ಪ್ರತಿಕ್ರಿಯೆಯಿಂದ ಸುತ್ತಲಿನ ಮೂಳೆಯೇ ಕರಗಿ, ಬಟ್ಟಲು ಸಡಿಲಗೊಂಡು ಒಳಕ್ಕೆ ಸರಿದಿತ್ತು. ಹೊಸದನ್ನು ಕೂರಿಸಲು ಅಲ್ಲಿ ಆಧಾರವೇ ಉಳಿದಿರಲಿಲ್ಲ.

ನನ್ನ ಶಸ್ತ್ರವೈದ್ಯರು ಅನುಸರಿಸಿದ್ದು ನೆದರ್ಲೆಂಡ್ಸಿನ ನೈಮೇಖನ್ ನಗರದಲ್ಲಿ ಟಾಮ್ ಸ್ಲೋಫ್ ಮತ್ತು ಅವರ ಸಂಗಡಿಗರು 1979ರಿಂದ ರೂಢಿಸಿ, 1984ರಲ್ಲಿ ಪ್ರಕಟಿಸಿದ ವಿಧಾನವನ್ನು. ಗುಳಿಯ ಅಂಚು ಒಡೆದಿರುವಲ್ಲಿ ಲೋಹದ ಜಾಲರಿ ಬಿಗಿದು, 7ರಿಂದ 10 ಮಿಲಿಮೀಟರ್ ಗಾತ್ರದ ಮೂಳೆಯ ಚೂರುಗಳನ್ನು ಪದರಪದರವಾಗಿ ಹಾಕಿ, ಗರಸು ಹರಡಿದ ನೆಲಕ್ಕೆ ದಮ್ಮಸು ಮಾಡುವಂತೆ ಬಡಿದು ಗಟ್ಟಿಗೊಳಿಸಿ, ಅದರ ಮೇಲೆ ಸಿಮೆಂಟಿನಿಂದ ಬಟ್ಟಲನ್ನು ಕೂರಿಸುತ್ತಾರೆ. ಆ ಚೂರುಗಳಿಗೆ ಜೀವವಿರುವುದಿಲ್ಲ; ನಮ್ಮದೇ ರಕ್ತನಾಳಗಳು ಅವುಗಳೊಳಗೆ ಬೆಳೆದು, ಹಳೆಯದನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತ ಆ ಜಾಗದಲ್ಲೇ ಹೊಸ ಮೂಳೆಯನ್ನು ಕಟ್ಟಬೇಕು. ಯಾವ ಭರವಸೆಯನ್ನೂ ಹಿಗ್ಗಿಸದೆ ಇದನ್ನೆಲ್ಲ ಚಿತ್ರ ಬರೆದು ವಿವರಿಸಿದ ವೈದ್ಯರಿಗೆ ನಾನು ಋಣಿ. ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ನಾನು ಆತುರಪಟ್ಟಾಗಲೆಲ್ಲ ತಡೆದ ಫಿಸಿಯೋಥೆರಪಿಸ್ಟ್‌ಗೂ, ವಾಕರ್ ಹಿಡಿದ ನನ್ನ ಹಿಂದೆ ತಾಳ್ಮೆಯಿಂದ ನಡೆದ ನನ್ನ ತಂಗಿಗೂ ನಮಸ್ಕಾರ.

ಆದರೆ ಎಲ್ಲರಿಗಿಂತ ಹೆಚ್ಚಾಗಿ ನೆನೆಯಬೇಕಾದವರು ಆ ಚೂರುಗಳಿಗೆ ಮೂಳೆ ಕೊಟ್ಟ ದಾನಿಗಳು; ಅವರ ಹೆಸರು ನನಗೆ ತಿಳಿದಿಲ್ಲ, ನಿಯಮದ ಪ್ರಕಾರ ತಿಳಿಯುವಂತೆಯೂ ಇಲ್ಲ. ಅವರೂ ನನ್ನ ಹಾಗೆ ಸೊಂಟದ ನೋವುಂಡವರು. ಮೊದಲ ಬಾರಿ ಕೀಲು ಬದಲಿಸುವಾಗ ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ದಾನಿಗಳು ಒಪ್ಪಿದರೆ ಅದು ಮೂಳೆ ಬ್ಯಾಂಕಿಗೆ ಹೋಗಿ ಮೈನಸ್ 80 ಡಿಗ್ರಿ ಚಳಿಯಲ್ಲಿ ಉಳಿಯುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮತ್ತು ಸಿಫಿಲಿಸ್ ಪರೀಕ್ಷೆಗಳಾಗುತ್ತವೆ. ನನಗೆ ಮೂಳೆ ಕೊಟ್ಟ ಬ್ಯಾಂಕಿನಲ್ಲಿ ಆರು ತಿಂಗಳ ನಂತರ ದಾನಿಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಮೂಳೆಯನ್ನು ಬಳಕೆಗೆ ಬಿಡುತ್ತಾರೆ. ತಮ್ಮ ನೋವು ಕಳೆದು, ಆಸ್ಪತ್ರೆಯ ಹಂಗು ತೀರಿದ ಮೇಲೂ, ಎಂದೂ ಕಾಣದ ನನಗಾಗಿ ಅವರು ಮತ್ತೆ ಬಂದು ತೋಳು ಚಾಚಿ ರಕ್ತ ಕೊಟ್ಟಿದ್ದಾರೆ. ಆ ಎರಡನೆಯ ಭೇಟಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ರುಮಟಾಯ್ಡ್ ಸಂಧಿವಾತವಿರುವುದರಿಂದ ನನ್ನ ಮೂಳೆಯನ್ನು ಬ್ಯಾಂಕ್ ಸ್ವೀಕರಿಸುವುದಿಲ್ಲ. ಈ ಋಣವನ್ನು ಅದೇ ರೂಪದಲ್ಲಿ ತೀರಿಸುವ ದಾರಿ ನನಗಿಲ್ಲ. ಆದ್ದರಿಂದ ಸವೆತದ ಕಾರಣಕ್ಕೆ ಮೊದಲ ಬಾರಿ ಸೊಂಟದ ಕೀಲು ಬದಲಿಸಿಕೊಳ್ಳಲು ಹೊರಟಿರುವವರಲ್ಲಿ ನನ್ನದೊಂದು ವಿನಂತಿಯಿದೆ: ನಿಮ್ಮ ಆಸ್ಪತ್ರೆಗೆ ಮೂಳೆ ಬ್ಯಾಂಕಿನ ಸಂಪರ್ಕವಿದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ, ಇದ್ದರೆ ದಯವಿಟ್ಟು ಸಮ್ಮತಿ ಪತ್ರಕ್ಕೆ ಸಹಿ ಮಾಡಿ.