ಅಮ್ಮನ ಮುಯ್ಯಾಳು, ಮೈಕ್ ಅಣ್ಣನ ಸ್ವಿಚ್ಚು

ಶನಿವಾರ ಬೆಂಗಳೂರಿನ ಒಂದು ಟೆಕ್ ಸಮ್ಮೇಳನದಲ್ಲಿ ಮಾತಾಡಿ ಬಂದೆ. ವಿಷಯ ಪೀರ್-ಟು-ಪೀರ್ (ಕಂಪ್ಯೂಟರುಗಳು ನಡುವೆ ಸರ್ವರ್ ಇಲ್ಲದೆ ನೇರ ಕೊಟ್ಟು ತಗೊಳ್ಳುವುದು) ಮತ್ತು ವೆಬ್ ಸರ್ವೀಸ್ (ಒಂದು ಪ್ರೋಗ್ರಾಂ ಕೇಳಿದ್ದಕ್ಕೆ ವೆಬ್ ಮೂಲಕ ಇನ್ನೊಂದು ಉತ್ತರ ಕೊಡುವುದು). ಸಿಕ್ಕಿದ್ದು 25 ನಿಮಿಷ. ಹಿಂದಿನ ಎರಡು ವರ್ಷವೂ ನನ್ನ ಪ್ರಸ್ತಾಪ ವಾಪಸ್ ಬಂದಿತ್ತು, ಹಾಗಾಗಿ ಇದೇ ಮೊದಲ ವೇದಿಕೆ. ಕೆಲವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ.

ಮೊದಲು ಅಮ್ಮನಿಗೆ. ತಿಂಗಳ ಹಿಂದೆ ತೀರ್ಥಹಳ್ಳಿಗೆ ಫೋನ್ ಮಾಡಿದಾಗ, "ಅಲ್ಲಿ ಏನು ಮಾತಾಡ್ತೀಯೆ?" ಎಂದು ಕೇಳಿದಳು. ದೊಡ್ಡ ಫೈಲನ್ನು ಚೂರು ಮಾಡುತ್ತಾರೆ, ಎಲ್ಲರೂ ಒಂದೇ ಸರ್ವರ್ ಮುಂದೆ ಕ್ಯೂ ನಿಲ್ಲುವ ಬದಲು ತಮ್ಮ ಹತ್ತಿರ ಇರುವ ಚೂರನ್ನು ಪಕ್ಕದವರಿಗೆ ಕೊಟ್ಟು, ಇಲ್ಲದ್ದನ್ನು ಅವರಿಂದ ತಗೊಳ್ಳುತ್ತಾರೆ ಎಂದೆ. "ಮುಯ್ಯಾಳು ಅಲ್ವೇನೇ?" ಎಂದಳು.

ಹೌದಲ್ಲ! ಇವತ್ತು ನಮ್ಮ ಗದ್ದೆ ನಾಟಿಗೆ ನಿಮ್ಮನೆಯ ಇಬ್ಬರು, ನಾಳೆ ನಿಮ್ಮ ಗದ್ದೆಗೆ ನಮ್ಮನೆಯ ಇಬ್ಬರು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. 2001ರಲ್ಲಿ ಬ್ರ್ಯಾಮ್ ಕೋಹೆನ್ ಎಂಬ ಪ್ರೋಗ್ರಾಮರ್ ಬರೆದ, ಫೈಲು ಹಂಚಿಕೊಳ್ಳುವ ಬಿಟ್‌ಟೊರೆಂಟ್ ನಡೆಯುವುದೂ ಹೀಗೇ. ನಮಗೆ ಯಾರು ಚೆನ್ನಾಗಿ ಕೊಡುತ್ತಿದ್ದಾರೆ ಎಂದು 10 ಸೆಕೆಂಡಿಗೊಮ್ಮೆ ನೋಡಿ, ಅವರಿಗೇ ನಾವೂ ಕೊಡುವುದು. ಆದರೆ ಈಗಷ್ಟೇ ಬಂದವರ ಹತ್ತಿರ ಕೊಡುವುದಕ್ಕೆ ಒಂದು ಚೂರೂ ಇರುವುದಿಲ್ಲ. ಅವರೇನು ಮಾಡಬೇಕು? ಅದಕ್ಕೂ ಕೋಹೆನ್ ಒಂದು ದಾರಿ ಇಟ್ಟಿದ್ದಾರೆ. ಲೆಕ್ಕ ನೋಡದೆ ಯಾರೋ ಒಬ್ಬರಿಗೆ ಸುಮ್ನೆ ಕೊಡುವುದು, 30 ಸೆಕೆಂಡಿಗೊಮ್ಮೆ ಆ ಒಬ್ಬರನ್ನು ಬದಲಿಸುವುದು. "ಹೊಸದಾಗಿ ಬಂದ ಒಕ್ಕಲಿಗೆ ಮೊದಲು ನಾವೇ ಆಳು ಕಳಿಸೋದು, ಮತ್ತೆ?" ಎಂದಳು ಅಮ್ಮ. ಅವತ್ತು ರಾತ್ರಿ ಹನ್ನೆರಡು ಸ್ಲೈಡ್ ಅಳಿಸಿದೆ.

ಅದಕ್ಕೂ ಮೊದಲು ಏಳು ಸ್ಲೈಡ್ ಅಳಿಸಿದ್ದು ಹೋದ ವರ್ಷ ನನ್ನನ್ನು ತಿರಸ್ಕರಿಸಿದ ರಿವ್ಯೂವರ್ ಬರೆದ ಒಂದು ಸಾಲಿನಿಂದ. "ನಾಪ್‌ಸ್ಟರ್ ಕಥೆ ಎಲ್ಲರಿಗೂ ಗೊತ್ತು, ನಿಮ್ಮ ಕೆಲಸ ಹೇಳಿ." ಓದಿ ಎರಡು ದಿನ ಸಿಟ್ಟಿತ್ತು. ನಾಪ್‌ಸ್ಟರ್ ಅಂದರೆ ಜನ ಹಾಡು ಹಂಚಿಕೊಳ್ಳುತ್ತಿದ್ದ ಹಳೇ ಸಾಫ್ಟ್‌ವೇರ್. ಈಗ ಆ ಕಥೆ ಒಂದೇ ಮಾತಿನಲ್ಲಿದೆ: ಹಾಡು ಇದ್ದದ್ದು ಜನರ ಕಂಪ್ಯೂಟರಿನಲ್ಲಿ, ಯಾರ ಹತ್ತಿರ ಏನಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿ, ಹಾಗಾಗಿ 2001ರಲ್ಲಿ ಅದೊಂದು ನಿಂತಾಗ ಎಲ್ಲವೂ ನಿಂತಿತು. ಸಾರ್, ನಿಮ್ಮ ಮಾತು ಸರಿ ಇತ್ತು. (ಮೇಡಂ ಇದ್ದರೂ ಇರಬಹುದು, ರಿವ್ಯೂವರ್ ಹೆಸರು ನಮಗೆ ತೋರಿಸುವುದಿಲ್ಲ.)

ಇನ್ನು ಡೆಮೊ. ಮೂರು ಲ್ಯಾಪ್‌ಟಾಪ್, ಒಂದು ಪಾಠದ ವಿಡಿಯೊ. ಟ್ರ್ಯಾಕರ್ ಎನ್ನುವ ಪುಟ್ಟ ವೆಬ್ ಸರ್ವೀಸ್ ಯಾರ್ಯಾರು ಬಂದಿದ್ದಾರೆ ಎಂದಷ್ಟೇ ಹೇಳುತ್ತದೆ, ಫೈಲು ಅದರ ಮೂಲಕ ಹೋಗುವುದೇ ಇಲ್ಲ. ಮನೆಯಲ್ಲಿ ನಲವತ್ತು ಸಲ ಓಡಿತ್ತು. ಸಭಾಂಗಣದಲ್ಲಿ, ನನ್ನ ಸರದಿಗೆ ಹದಿನೈದು ನಿಮಿಷ ಇರುವಾಗ, ಮೂರೂ ಪರದೆಯಲ್ಲಿ ಸೊನ್ನೆ. ಟ್ರ್ಯಾಕರ್ ಉತ್ತರ ಕೊಡುತ್ತಿದೆ, ಪಟ್ಟಿಯಲ್ಲಿ ಮೂವರೂ ಇದ್ದಾರೆ, ಒಂದು ಚೂರೂ ಕದಲುತ್ತಿಲ್ಲ. ಅತಿಥಿಗಳ ವೈಫೈ ಅಲ್ವಾ, ಸುರಕ್ಷತೆಗೆ ಅಂತ ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡದ ಹಾಗೆ ಕಟ್ಟಿಹಾಕಿದ್ದರು. ಇಂಟರ್ನೆಟ್ಟಿಗೆಲ್ಲ ಹೋಗಬಹುದು, ಪಕ್ಕದ ಮನೆಗೆ ಹೋಗುವ ಹಾಗಿಲ್ಲ. ಪೀರ್-ಟು-ಪೀರ್ ತೋರಿಸಲು ಬಂದವಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಸೌಂಡ್ ನೋಡಿಕೊಳ್ಳುತ್ತಿದ್ದ ಅಣ್ಣ ನನ್ನ ಕಾಲರಿಗೆ ಮೈಕ್ ಸಿಕ್ಕಿಸುತ್ತಿದ್ದರು. ನನ್ನ ಕೈ ನಡುಗುವುದನ್ನು ನೋಡಿ, "ಏನಾಯ್ತು ಮೇಡಂ?" ಎಂದರು. ಹೇಳಿದೆ. ಪೂರ್ತಿ ಅರ್ಥವಾಯಿತೋ ಇಲ್ಲವೋ, "ವಯರ್ ಹಾಕಿದ್ರೆ ಆಗುತ್ತಾ?" ಎಂದವರೇ ಕಪ್ಪು ಟ್ರಂಕಿನ ತಳದಿಂದ ಐದು ಪೋರ್ಟಿನ ಹಳೇ ಸ್ವಿಚ್ ತೆಗೆದರು. ಕರೆಂಟಿನ ಸ್ವಿಚ್ಚಲ್ಲ, ಕಂಪ್ಯೂಟರುಗಳನ್ನು ವಯರಿನಲ್ಲಿ ಒಂದಕ್ಕೊಂದು ಜೋಡಿಸುವ ಡಬ್ಬಿ. ಜೊತೆಗೆ ಮೂರು ಲ್ಯಾನ್ ಕೇಬಲ್. ಒಂದರ ಕ್ಲಿಪ್ ಮುರಿದಿತ್ತು, ಬಾಯಲ್ಲಿ ಟೇಪ್ ಹರಿದು ಅಂಟಿಸಿದರು. ನನ್ನ ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟೇ ಇಲ್ಲ. ಮೂರನೇ ಸಾಲಿನಲ್ಲಿದ್ದ ಒಬ್ಬರು ಏನೂ ಕೇಳದೆ ಅಡಾಪ್ಟರ್ ಬಿಚ್ಚಿ ಕೈಗಿಟ್ಟರು. ಆಫೀಸಿನ ಗೆಳತಿ ನೆಲದ ಮೇಲೆ ಕೂತು ಮೂರಕ್ಕೂ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ಕೈಯಲ್ಲೇ ಹಾಕಿದಳು, ಟ್ರ್ಯಾಕರನ್ನು ನನ್ನ ಯಂತ್ರದಲ್ಲೇ ಎಬ್ಬಿಸಿದಳು. ಸ್ವಿಚ್ಚಿನ ಹಸಿರು ದೀಪಗಳು ಪಟಪಟ ಮಿನುಗಲು ಶುರುವಾದಾಗ ನಿರೂಪಕಿ ನನ್ನ ಹೆಸರು ಕರೆಯುತ್ತಿದ್ದರು.

ಮಾತು ಹೇಗಾಯಿತು? ಪರವಾಗಿಲ್ಲ. ಮಧ್ಯೆ ಒಂದು ಸ್ಲೈಡ್ ಹಾರಿಸಿಬಿಟ್ಟೆ. ಮುಯ್ಯಾಳು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ "ಕರೆಕ್ಟ್!" ಎಂದು ಕೂಗಿದರು. ಮಲೆನಾಡಿನವರೇ ಇರಬೇಕು.

ಮೈಕ್ ಅಣ್ಣನ ಸ್ವಿಚ್ಚು, ಕೇಬಲ್ಲು ಅಲ್ಲೇ ವಾಪಸ್ ಕೊಟ್ಟೆ. ಅಡಾಪ್ಟರ್ ಮಾತ್ರ ಗಡಿಬಿಡಿಯಲ್ಲಿ ನನ್ನ ಬ್ಯಾಗಿನಲ್ಲೇ ಮನೆಗೆ ಬಂದಿದೆ. ಮೂರನೇ ಸಾಲಿನವರೇ, ಬೂದು ಬಣ್ಣದ್ದು, ವಯರಿನ ಮೇಲೆ ನೀಲಿ ಪೆನ್ನಿನಲ್ಲಿ 7 ಎಂದು ಬರೆದಿದೆ. ಇದನ್ನು ಓದಿದರೆ ಒಂದು ಮೆಸೇಜ್ ಹಾಕಿ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಾಳೆ, ಅಡಾಪ್ಟರ್ ಜೊತೆ ಒಂದು ಬಾಟಲಿ ನಿಮಗೆ ತೆಗೆದಿಟ್ಟಿದ್ದೇನೆ.